ತಣ್ಣಗಿನ ಕೈ, ನಿಧಾನದ ನರ

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮೇ ತಿಂಗಳ ಬಿಸಿಲುಂಡವರಿಗೆ ‘ತಣ್ಣಗಿನ ಕೈ’ ಎಂದರೆ ನಗು ಬಂದೀತು. ಆದರೆ ಜನವರಿಯ ನಸುಕಿನಲ್ಲಿ ಕಾಲುವೆ ನೀರಿನ ಗದ್ದೆಗಿಳಿದು ಭತ್ತ ನಾಟಿ ಮಾಡಿದವರನ್ನು ಕೇಳಿ. ಬೆರಳು ಮರಗಟ್ಟಿ, ಸೆರಗಿನ ಗಂಟು ಬಿಚ್ಚುವುದೂ ಕಷ್ಟ. ತಂಪಾದ ನರದಲ್ಲಿ ಸಂದೇಶ ನಿಜಕ್ಕೂ ನಿಧಾನವಾಗಿ ಹರಿಯುತ್ತದೆ.

ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಈ ವೇಗವನ್ನು ಅಳೆದಾಗ ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ಕಂಡಿತು. ತಂಪಾಗಿಸಿದರೆ ವೇಗ ಇಳಿಯುವುದನ್ನೂ ಆತ ಗಮನಿಸಿದ್ದ. ಕಾರಣ ಸರಳ. ನರದ ಪೊರೆಯಲ್ಲಿ ಸೋಡಿಯಂ ಕಣಗಳು ಒಳನುಗ್ಗುವ ಪುಟ್ಟ ಬಾಗಿಲುಗಳಿವೆ. ಚಳಿಗೆ ಅವು ತಡವಾಗಿ ತೆರೆಯುತ್ತವೆ, ಇನ್ನೂ ತಡವಾಗಿ ಮುಚ್ಚುತ್ತವೆ.

ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಕೈಕಾಲು ಜೋಮು ಹಿಡಿದವರಿಗೆ ವೈದ್ಯರು ‘ನರ್ವ್ ಕಂಡಕ್ಷನ್’ ಪರೀಕ್ಷೆ ಬರೆದುಕೊಡುತ್ತಾರೆ. ನರದ ಎರಡು ಕಡೆ ಚುರುಕ್ ಎನ್ನುವಷ್ಟು ವಿದ್ಯುತ್ ಕೊಟ್ಟು, ನಡುವಿನ ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸುತ್ತಾರೆ. ಏಳನೇ ತರಗತಿಯ ಲೆಕ್ಕವೇ! ಮುಂಗೈಯಲ್ಲಿ ಸೆಕೆಂಡಿಗೆ 50 ಮೀಟರಿಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಸಂಶಯ.

ಈಗ ಮಕ್ಕಳು ಪೆನ್ಸಿಲ್ ಹಿಡಿಯಲಿ. ಚರ್ಮದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ವೇಗ ಸುಮಾರು 2 ಮೀಟರ್ ಇಳಿಯುತ್ತದೆ. 33 ಡಿಗ್ರಿಯಲ್ಲಿ 54 ಇದ್ದ ಆರೋಗ್ಯವಂತನ ಕೈ 28 ಡಿಗ್ರಿಗೆ ಬಂದರೆ? 44. ಕಾಗದದ ಮೇಲೆ ಆತ ರೋಗಿ! ನಸುಕಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ರಾಯಚೂರಿಗೋ ಬಳ್ಳಾರಿಗೋ ಹೋದವರ ಕೈ ಅಷ್ಟು ತಣ್ಣಗಾಗುವುದು ಅಪರೂಪವಲ್ಲ. ಬೇಸಿಗೆಯಲ್ಲೂ ಎ.ಸಿ. ಕೋಣೆ ಇದ್ದೇ ಇದೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಬಾಗಿಲುಗಳು ತಡವಾಗಿ ಮುಚ್ಚುವುದರಿಂದ ತಂಪಾದ ನರದ ಅಲೆ ಎತ್ತರವಾಗಿ ಕಾಣುತ್ತದೆ. ನರದ ಎಳೆಗಳು ಸತ್ತಾಗ ಅಲೆ ಕುಗ್ಗಬೇಕು. ಹಾಗಾಗಿ ಚಳಿ ಇಲ್ಲದ ರೋಗವನ್ನು ತೋರಿಸುವಂತೆ, ಇರುವ ರೋಗವನ್ನು ಮುಚ್ಚಲೂಬಹುದು. ನನಗೆ ಹೆಚ್ಚು ಅಂಜಿಕೆ ಈ ಎರಡನೆಯದರದು.

ಕುಷ್ಠದ ರೋಗಾಣುವಿಗೂ ತಂಪೇ ಇಷ್ಟವೆಂಬುದು ಸೋಜಿಗ. ಅದು ಚೆನ್ನಾಗಿ ಬೆಳೆಯುವುದು ದೇಹದ ಒಳಗಿನ 37 ಡಿಗ್ರಿಯಲ್ಲಲ್ಲ, 30-33ರ ಆಸುಪಾಸಿನಲ್ಲಿ. ಕಿವಿಯ ಹಾಲೆಯನ್ನೂ ಮೊಣಕೈ ಬಳಿ ಚರ್ಮದಡಿಯಲ್ಲೇ ಹಾಯುವ ನರವನ್ನೂ ಅದು ಹುಡುಕಿಕೊಂಡು ಹೋಗುವುದು ಅದಕ್ಕೇ. ಬೇಗ ಗುರುತಿಸಿದರೆ ಔಷಧಿಯಿಂದ ಅದು ಪೂರ್ತಿ ವಾಸಿಯಾಗುತ್ತದೆ. ಅಂದಮೇಲೆ ಪರೀಕ್ಷೆ ಸರಿಯಿರಬೇಕಷ್ಟೆ.

ಕೈಯ ಚರ್ಮ 32 ಡಿಗ್ರಿ, ಪಾದ 30 ಡಿಗ್ರಿಗಿಂತ ತಣ್ಣಗಿದ್ದರೆ ಬೆಚ್ಚಗೆ ಮಾಡಿಯೇ ಅಳೆಯುವುದು ಕ್ರಮ. ವರದಿಯಲ್ಲಿ ಉಷ್ಣತೆ ಬರೆದಿಲ್ಲವೇ? ಕೇಳಲು ಸಂಕೋಚ ಬೇಡ. ತಾಯಿತಂದೆಯರನ್ನು ಕರೆದೊಯ್ಯುವವರು ಕಂಬಳಿ ಹೊದಿಸಿ ಕೂರಿಸಿ. ಬಿಸಿನೀರಿನಲ್ಲಿ ಕೈಕಾಲು ಇಡಿಸುವುದಾದರೆ ಮಾತ್ರ ಮೊದಲು ನಿಮ್ಮ ಕೈ ಅದ್ದಿ ನೋಡಿ. ಜೋಮು ಹಿಡಿದ ಪಾದಕ್ಕೆ ಸುಟ್ಟರೂ ತಿಳಿಯದು.