ಬುಲೆಟ್ ಬಾಬ್ ಓಡಿದ ದೂರ

1964ರ ಟೋಕಿಯೊ ಒಲಿಂಪಿಕ್ ಕೂಟವೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಹಾಕಿ. ಪಾಕಿಸ್ತಾನವನ್ನು ಒಂದು ಗೋಲಿನಿಂದ ಸೋಲಿಸಿ ನಾವು ಚಿನ್ನದ ಪದಕವನ್ನು ಮರಳಿ ಪಡೆದ ಕೂಟವದು. ಅದೇ ನಗರದಲ್ಲಿ, ಅದೇ ಅಕ್ಟೋಬರ್ ತಿಂಗಳಿನಲ್ಲಿ, ಅಮೆರಿಕದ ಫ್ಲಾರಿಡಾದಿಂದ ಬಂದ ಇಪ್ಪತ್ತೊಂದರ ಹರೆಯದ ಕಪ್ಪು ಜನಾಂಗದ ತರುಣನೊಬ್ಬ ಜಗತ್ತಿನ ಅತಿವೇಗದ ಮನುಷ್ಯನೆನಿಸಿಕೊಂಡ. ಅವನೇ ಬಾಬ್ ಹೇಸ್. ‘ಬುಲೆಟ್ ಬಾಬ್’ ಎಂಬುದು ಜನರು ಅಕ್ಕರೆಯಿಂದಿಟ್ಟ ಹೆಸರು.

ನೂರು ಮೀಟರ್ ಓಟದ ಅಂತಿಮ ಸ್ಪರ್ಧೆಯಲ್ಲಿ ಅವನ ಪಾಲಿಗೆ ಬಂದದ್ದು ಒಂದನೆಯ ಪಥ. ಇಪ್ಪತ್ತು ಕಿಲೋಮೀಟರ್ ನಡಿಗೆಯ ಸ್ಪರ್ಧಿಗಳು ತುಳಿದು ಹಾಳುಗೆಡವಿದ್ದ ಪಥ ಅದು. ಸಾಲದೆಂಬಂತೆ ಅವನ ಒಂದು ಷೂ ವಸತಿಯಲ್ಲೇ ಉಳಿದುಹೋಗಿತ್ತು. ಎರವಲು ಷೂ ತೊಟ್ಟು ಓಡಿ, 10.0 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ವಿಶ್ವದಾಖಲೆಯನ್ನು ಸರಿಗಟ್ಟಿದ. ಆದರೆ ನೋಡಿದವರು ಮರೆಯದೆ ಹೇಳುತ್ತಿದ್ದುದು ಅದಾದ ಆರು ದಿನಗಳಿಗೆ ನಡೆದ ರಿಲೇ ಓಟವನ್ನು. ಕೊನೆಯ ಸರದಿಗೆ ದಂಡ ಹೇಸನ ಕೈ ಸೇರಿದಾಗ ಅಮೆರಿಕ ಐದನೆಯ ಸ್ಥಾನದಲ್ಲಿತ್ತು. ಮುಂದಿದ್ದ ನಾಲ್ವರನ್ನೂ ಹಿಂದಿಕ್ಕಿ, ಮೂರು ಮೀಟರುಗಳಷ್ಟು ಮುಂದಾಗಿಯೇ ಅವನು ಓಟ ಮುಗಿಸಿದ. ಸಮಯ 39.0 ಸೆಕೆಂಡು, ಅದೂ ವಿಶ್ವದಾಖಲೆಯೇ.

ಅಲ್ಲಿಗೆ ಅವನ ಓಟದ ಸ್ಪರ್ಧೆಗಳು ಮುಗಿದವೆಂದೇ ಹೇಳಬೇಕು. ಆಗಿನ ಒಲಿಂಪಿಕ್ ಓಟದಲ್ಲಿ ಪದಕವುಂಟು, ಸಂಬಳವಿಲ್ಲ. ಅಲ್ಲದೆ ಜಾಕ್ಸನ್‌ವಿಲ್ ಊರಿನ ಈ ಹುಡುಗ, ಬಿಳಿಯರ ಕಾಲೇಜುಗಳು ತನ್ನಂಥವರಿಗೆ ಬಾಗಿಲು ತೆರೆಯದಿದ್ದ ಕಾಲದಲ್ಲಿ, ಫ್ಲಾರಿಡಾ ಎ ಅಂಡ್ ಎಂ ವಿದ್ಯಾಲಯವನ್ನು ಸೇರಿದ್ದೇ ಕಾಲ್ಚೆಂಡು ಆಟದ ವಿದ್ಯಾರ್ಥಿವೇತನದ ಬಲದಿಂದ. 1965ರಲ್ಲಿ ಅವನು ಡಲ್ಲಾಸ್ ಕೌಬಾಯ್ಸ್ ತಂಡದ ರಿಸೀವರ್ ಆದ.

ರಿಸೀವರ್ ಎಂದೊಡನೆ ಟೆಲಿಫೋನಿನ ನೆನಪಾಗುವ ವಾಚಕರಿಗೆ ಒಂದು ಮಾತು. ಅಮೆರಿಕದವರ ಈ ಕಾಲ್ಚೆಂಡಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಒಬ್ಬನು ಚೆಂಡನ್ನು ದೂರಕ್ಕೆ ಎಸೆಯುತ್ತಾನೆ. ಇನ್ನೊಬ್ಬನು ಎದುರಾಳಿಗಳ ನಡುವೆ ಓಡಿಹೋಗಿ ಅದನ್ನು ಹಿಡಿಯುತ್ತಾನೆ. ಈ ಹಿಡಿಯುವವನೇ ರಿಸೀವರ್. ಅವನ ಬೆನ್ನಿಗೆ ಎದುರು ತಂಡದವನೊಬ್ಬ ನೆರಳಿನಂತೆ ಅಂಟಿಕೊಂಡು ಓಡುವುದು ರೂಢಿ. ಆದರೆ ಜಗತ್ತಿನಲ್ಲೇ ಅತಿವೇಗದವನ ಬೆನ್ನಿಗೆ ಅಂಟಿಕೊಳ್ಳುವ ನೆರಳನ್ನು ತರುವುದೆಲ್ಲಿಂದ? ಮೊದಲ ವರ್ಷವೇ ಹೇಸ್ 46 ಎಸೆತಗಳನ್ನು ಹಿಡಿದು 1003 ಗಜ ಗಳಿಸಿದ. ಹನ್ನೆರಡು ಬಾರಿ ಎದುರಾಳಿಯ ಗಡಿ ದಾಟಿದ.

ಎದುರಾಳಿಗಳು ಕೊನೆಗೆ ಅವನನ್ನು ಬೆನ್ನಟ್ಟುವುದನ್ನೇ ಕೈಬಿಟ್ಟರು. ಅಟ್ಟಿ ಹಿಡಿಯಲಾಗದ ಮೃಗಕ್ಕೆ ಬಲೆ ಕಟ್ಟಿ ಕಾಯುವಂತೆ, ಮೈದಾನವನ್ನು ಪಾಲು ಮಾಡಿಕೊಂಡು, ತಮ್ಮ ತಮ್ಮ ಪಾಲಿನ ನೆಲವನ್ನು ಕಾಯುತ್ತ ನಿಂತರು. ಈ ಬಗೆಯ ಕಾವಲು ಹಿಂದೆ ಇರಲೇ ಇಲ್ಲವೆಂದಲ್ಲ. ಹೇಸ್ ಬಂದ ಮೇಲೆ ಅದು ಅನಿವಾರ್ಯವಾಯಿತು. ತನ್ನ ವೇಗದಿಂದ ಹುಟ್ಟಿದ ಬಲೆ ಮುಂದಿನ ವರ್ಷಗಳಲ್ಲಿ ಅವನನ್ನೇ ತೊಡಕಿಸಿತೆಂಬುದು ಬೇರೆ ಮಾತು.

ಅವನ ದೌರ್ಬಲ್ಯವೂ ಒಂದು ದಿನ ಬಯಲಾಯಿತು. 1967ರ ಡಿಸೆಂಬರ್ 31ರಂದು ಗ್ರೀನ್ ಬೇ ಊರಿನಲ್ಲಿ ನಡೆದ ಪಂದ್ಯಕ್ಕೆ ಅಮೆರಿಕದವರು ‘ಹಿಮದ ಪಂದ್ಯ’ವೆಂದೇ ಹೆಸರಿಟ್ಟಿದ್ದಾರೆ. ಶೂನ್ಯಕ್ಕಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿ. ಬಿಸಿಲೂರಿನ ಹೇಸ್ ಪಾಪ, ತನ್ನ ಕಡೆಗೆ ಎಸೆತವಿಲ್ಲವೆಂದು ತಿಳಿದಾಗಲೆಲ್ಲ ಕೈಗಳನ್ನು ಷರಾಯಿಯೊಳಗೆ ತೂರಿಸಿ ನಿಲ್ಲುತ್ತಿದ್ದ. ಕೈ ಹೊರಬಂತೆಂದರೆ ಎಸೆತ ಅವನಿಗೇ! ಎದುರಾಳಿಗಳಿಗೆ ಬೇರೆ ಗೂಢಚಾರರು ಬೇಕಾಗಲಿಲ್ಲ. ಡಲ್ಲಾಸ್ 17–21ರಿಂದ ಸೋತಿತು.

1972ರ ಜನವರಿಯಲ್ಲಿ ಡಲ್ಲಾಸ್ ತಂಡ ಮಯಾಮಿಯನ್ನು 24–3ರಿಂದ ಮಣಿಸಿ ಸೂಪರ್ ಬೌಲ್ ಗೆದ್ದಿತು. ಒಲಿಂಪಿಕ್ ಚಿನ್ನ, ಸೂಪರ್ ಬೌಲ್ ವಿಜಯ—ಎರಡನ್ನೂ ಪಡೆದವನು ಹೇಸ್ ಒಬ್ಬನೇ. 1975ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ತಂಡದಲ್ಲಿ ಕೆಲಕಾಲ ಆಡಿ, ನಿವೃತ್ತನಾದ. ಲೆಕ್ಕ ಹೀಗಿದೆ: 371 ಹಿಡಿತ, 7414 ಗಜ. ಹಿಡಿತವೊಂದಕ್ಕೆ ಸರಾಸರಿ ಇಪ್ಪತ್ತು ಗಜ.

ಆಗ ಅವನಿಗೆ ಮೂವತ್ತಮೂರು ತುಂಬುತ್ತಿತ್ತು. ನಮ್ಮ ಮನೆಗಳಲ್ಲಿ ಆ ವಯಸ್ಸಿಗೆ ಗಂಡಸಿನ ಸಂಸಾರ ಆಗಷ್ಟೇ ಒಂದು ನೆಲೆಗೆ ಬಂದಿರುತ್ತದೆ. ಹೇಸನಿಗೆ ಬಾಲ್ಯದಿಂದ ಬಲ್ಲ ಒಂದೇ ಉದ್ಯೋಗ ಅಲ್ಲಿಗೆ ಮುಗಿದುಹೋಯಿತು. ಕುಡಿತ ಕೈಹಿಡಿಯಿತು, ಹಿಂದೆಯೇ ಮಾದಕ ವಸ್ತುಗಳು. 1979ರಲ್ಲಿ, ಮಾರುವೇಷದ ಪೊಲೀಸ್ ಅಧಿಕಾರಿಗೆ ಮಾದಕ ವಸ್ತುವನ್ನು ಕೊಟ್ಟ ತಪ್ಪನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ವಿಧಿಸಿದ್ದು ಐದು ವರ್ಷಗಳ ಶಿಕ್ಷೆ. ಹತ್ತು ತಿಂಗಳು ಟೆಕ್ಸಾಸ್ ಸೆರೆಮನೆಯಲ್ಲಿ ಕಳೆದು ಹೊರಬಂದ. ಬಂದ ಮೇಲೂ ಚಟ ಬಿಡಲಿಲ್ಲ. ಮತ್ತೆ ಮತ್ತೆ ಚಿಕಿತ್ಸಾಲಯದ ಮೆಟ್ಟಿಲು ಹತ್ತಿದ. ಇದನ್ನೆಲ್ಲ ಮುಚ್ಚಿಡದೆ 1990ರಲ್ಲಿ ಆತ್ಮಕಥೆಯಲ್ಲಿ ಬರೆದ.

ಅವನ ಬದುಕಿನಲ್ಲಿ ನನಗೆ ಟೋಕಿಯೊ ಓಟಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಇದಾದ ಮೇಲಿನದು. ಜಾಕ್ಸನ್‌ವಿಲ್‌ಗೆ ಮರಳಿದ ಹೇಸ್, ಅರ್ಧಕ್ಕೆ ನಿಂತಿದ್ದ ಪದವಿಯನ್ನು ಹಳೆಯ ವಿದ್ಯಾಲಯದಲ್ಲೇ ಪೂರೈಸಿದ. ಅವನು ಓದಿದ್ದು ಎಳೆಯ ಮಕ್ಕಳಿಗೆ ಪಾಠ ಹೇಳುವ ಪ್ರಾಥಮಿಕ ಶಿಕ್ಷಣವನ್ನು. ಒಂದು ಕಾಲದಲ್ಲಿ ಅರವತ್ತು ಸಾವಿರ ಜನ ಎದ್ದು ನಿಂತು ಹೆಸರು ಕೂಗಿದವನು, ಮಕ್ಕಳ ವಯಸ್ಸಿನವರ ಜೊತೆಗೆ ಪುಸ್ತಕ ಹಿಡಿದು ಕುಳಿತ. ಅದಕ್ಕೆ ಯಾರೂ ಗಡಿಯಾರ ಹಿಡಿದು ನಿಲ್ಲಲಿಲ್ಲ.

ದೇಹ ಮಾತ್ರ ಸಹಕರಿಸಲಿಲ್ಲ. 2001ರಲ್ಲಿ ಡಲ್ಲಾಸ್ ತಂಡ ತನ್ನ ಗೌರವ ವಲಯದಲ್ಲಿ ಅವನ ಹೆಸರನ್ನು ಸೇರಿಸಿದಾಗ ಆರೋಗ್ಯ ಬಹಳ ಕೆಟ್ಟಿತ್ತು. ಮರುವರ್ಷದ ಸೆಪ್ಟೆಂಬರ್ 18ರಂದು, ಮೂತ್ರಪಿಂಡಗಳು ಸೋತು, ಹುಟ್ಟೂರಿನಲ್ಲೇ ತೀರಿಕೊಂಡ. ವಯಸ್ಸು ಐವತ್ತೊಂಬತ್ತು.

ಓಟದವರು ಅವನನ್ನು 1976ರಲ್ಲಿಯೇ ತಮ್ಮ ಕೀರ್ತಿಭವನಕ್ಕೆ ಸೇರಿಸಿಕೊಂಡಿದ್ದರು. ಕಾಲ್ಚೆಂಡಿನವರಿಗೆ ಅಷ್ಟು ಅವಸರವಿರಲಿಲ್ಲ. ಮೈದಾನದಲ್ಲಿ ಆಡಿದ್ದನ್ನು ಮಾತ್ರ ಎಣಿಸಬೇಕೆಂಬುದು ಅವರದೇ ನಿಯಮ; ಆದರೂ ಸೆರೆವಾಸವೇ ಅಡ್ಡ ನಿಂತಿತೆಂದು ಹಲವರ ನಂಬಿಕೆ. ನನ್ನ ನಂಬಿಕೆಯೂ ಅದೇ. 2004ರಲ್ಲಿ ಹೆಸರು ಕೊನೆಯ ಸುತ್ತಿನವರೆಗೂ ಬಂದು ಬಿದ್ದುಹೋದಾಗ, ಆಯ್ಕೆ ಸಮಿತಿಯಲ್ಲಿದ್ದ ಪತ್ರಕರ್ತ ಪಾಲ್ ಝಿಮ್ಮರ್‌ಮನ್ ಪ್ರತಿಭಟಿಸಿ ರಾಜೀನಾಮೆಯ ಮಾತೆತ್ತಿದ. ಕಡೆಗೆ ಒಪ್ಪಿಗೆ ದೊರೆತದ್ದು 2009ರಲ್ಲಿ. ಆ ಆಗಸ್ಟ್ ತಿಂಗಳಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್ ನಗರದ ಕೀರ್ತಿಭವನಕ್ಕೆ ಹೇಸನ ಕಂಚಿನ ಪ್ರತಿಮೆ ಸೇರಿದಾಗ, ಅವನು ಆಟ ಬಿಟ್ಟು ಮೂವತ್ತನಾಲ್ಕು ವರ್ಷಗಳಾಗಿದ್ದವು. ಲೋಕ ಬಿಟ್ಟು ಸುಮಾರು ಏಳು.