ಬಾಗಿಲು ಮುಚ್ಚಿದ ವಿದ್ಯಾಲಯ

1665ರ ಬೇಸಗೆಯಲ್ಲಿ ಪ್ಲೇಗು ಎಂಬ ಮಹಾಮಾರಿ ಇಂಗ್ಲೆಂಡನ್ನು ಆವರಿಸಿತು. ಲಂಡನ್ ನಗರವೊಂದರಲ್ಲಿಯೇ ಆ ವರ್ಷ 68,000ಕ್ಕೂ ಮಿಕ್ಕ ಜನರು ಅದಕ್ಕೆ ಬಲಿಯಾದರೆಂದು ಅಂದಿನ ಮರಣಪಟ್ಟಿಗಳು ಹೇಳುತ್ತವೆ. ರೋಗವು ಕೇಂಬ್ರಿಜ್ಜಿಗೂ ಕಾಲಿಟ್ಟಾಗ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪಾಠಪ್ರವಚನಗಳು ನಿಂತುಹೋದವು. ಆಗ ಊರಿಗೆ ಮರಳಿದವರಲ್ಲಿ ಐಸಾಕ್ ನ್ಯೂಟನ್ ಎಂಬ ಇಪ್ಪತ್ತೆರಡು ವರ್ಷದ ತರುಣನೂ ಒಬ್ಬನು. ವೂಲ್ಸ್‌ಥಾರ್ಪಿನ ಹಳ್ಳಿಮನೆಯಲ್ಲಿ ಕುಳಿತು ಗಣಿತ, ಬೆಳಕು, ಗುರುತ್ವಾಕರ್ಷಣೆಗಳನ್ನು ಕುರಿತು ಅವನು ನಡೆಸಿದ ಚಿಂತನೆ ಜಗತ್ಪ್ರಸಿದ್ಧವಾಗಿದೆ.

ಪ್ರತಿಭಾವಂತನಿಗೆ ವಿದ್ಯಾಲಯ ಮುಚ್ಚಿದರೇನು, ತೆರೆದರೇನು ಎಂದು ಈ ಕಥೆಗೆ ನೀತಿ ಹೇಳುವವರುಂಟು. ಅದು ಅರ್ಧ ಸತ್ಯ. ನ್ಯೂಟನ್ 1661ರಲ್ಲಿ ಟ್ರಿನಿಟಿ ಕಾಲೇಜನ್ನು ಸೇರಿದಾಗ, ಪರರ ಊಳಿಗ ಮಾಡಿ ಓದುವ ವಿದ್ಯಾರ್ಥಿಗಳ ಸಾಲಿನಲ್ಲಿದ್ದನು. 1664ರಲ್ಲಿ ಕಾಲೇಜು ವಿದ್ಯಾರ್ಥಿವೇತನವನ್ನು ನೀಡಿದ ಮೇಲೆಯೇ ಅವನಿಗೆ ನಿಶ್ಚಿಂತೆಯ ಓದು ದೊರೆತದ್ದು. ಚಿಂತನೆಗೂ ಅನ್ನದ ಆಸರೆ ಬೇಕು.

ಅದೇ ಕಾಲೇಜು 1665ರ ಆಗಸ್ಟ್ 7ರಂದು ಒಂದು ನಿರ್ಣಯವನ್ನು ಕೈಗೊಂಡಿತು. ಪಿಡುಗಿನ ದೆಸೆಯಿಂದ ಹಳ್ಳಿಗೆ ತೆರಳುವ ಫೆಲೋಗಳಿಗೂ ವಿದ್ಯಾರ್ಥಿವೇತನದವರಿಗೂ ಮುಂದಿನ ಒಂದು ತಿಂಗಳ ಊಟದ ಭತ್ಯವನ್ನು ಎಂದಿನಂತೆ ಕೊಡತಕ್ಕದ್ದೆಂಬುದೇ ಆ ನಿರ್ಣಯ. ನ್ಯೂಟನ್ ಅದಕ್ಕೂ ಮೊದಲೇ ಹೊರಟುಹೋಗಿದ್ದನೆಂದು ತಿಳಿದುಬರುತ್ತದೆ. ಆದರೂ ನಿರ್ಣಯದ ಘನತೆ ಕುಂದದು. ಬಾಗಿಲು ಮುಚ್ಚಿದ ಮಾತ್ರಕ್ಕೆ ತನ್ನವರ ಹೊಣೆ ತೀರಲಿಲ್ಲವೆಂಬುದನ್ನು ಆ ಕಾಲೇಜು ಒಪ್ಪಿಕೊಂಡಿತ್ತು. ಅದರಲ್ಲೊಂದು ಕೊರತೆಯೂ ಇತ್ತು. ಯಾರಿಗೆ ಆಸರೆ ಹೆಚ್ಚು ಬೇಕಾಗಿತ್ತೋ ಆ ಊಳಿಗದ ವಿದ್ಯಾರ್ಥಿಗಳ ಮಾತೇ ಅಲ್ಲಿರಲಿಲ್ಲ.

ಮುನ್ನೂರ ಐವತ್ತೈದು ವರ್ಷಗಳ ತರುವಾಯ, 2020ರಲ್ಲಿ, ಕೊರೊನಾ ಪಿಡುಗು ಇದೇ ಪರೀಕ್ಷೆಯನ್ನು ಜಗತ್ತಿನ ಎಲ್ಲ ವಿದ್ಯಾಲಯಗಳ ಮುಂದಿಟ್ಟಿತು. ಆ ಮಾರ್ಚಿಯಲ್ಲಿ ಕೇಂಬ್ರಿಜ್ ಮತ್ತೆ ಬರಿದಾಯಿತು. ಮನೆಗೆ ಮರಳಲಾಗದ ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲಿನ ಕಾಲೇಜುಗಳು ತಮ್ಮ ಕೊಠಡಿಗಳಲ್ಲಿ ಇರಗೊಟ್ಟವು. ಭಾರತದಲ್ಲಿಯೂ ವಿದ್ಯಾರ್ಥಿನಿಲಯಗಳು ತೆರವಾದವು. ಪಾಠಗಳು ಮೊಬೈಲಿನ ಮೂಲಕ ಬಂದವು. ಆದರೆ ಅವು ಯಾರನ್ನು ತಲುಪಿದವು? ನಮ್ಮ ಮಲೆನಾಡಿನಲ್ಲಿ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು, ಸಂಕೇತ ಸಿಗುವ ಗುಡ್ಡವನ್ನರಸಿ ಹತ್ತಿದ ವಿದ್ಯಾರ್ಥಿಗಳಿದ್ದರು. ಒಂದೇ ಮೊಬೈಲನ್ನು ಸರದಿಯ ಮೇಲೆ ಹಂಚಿಕೊಂಡ ಒಡಹುಟ್ಟಿದವರಿದ್ದರು. ಮೊಬೈಲೇ ಇಲ್ಲದವರು ಹೊಲಗೆಲಸಕ್ಕೆ ಹೋದರು.

ವಿದ್ಯಾಲಯದ ಕೆಲಸ ವಿದ್ಯಾದಾನ. ಅನ್ನ, ವಸತಿಗಳ ಚಿಂತೆ ಅದಕ್ಕೇಕೆ ಎಂದು ಕೆಲವರು ಕೇಳಬಹುದು. ಹಸಿದವನಿಗೆ ಕಳುಹಿಸಿದ ಪಾಠ, ವಿಳಾಸವಿಲ್ಲದ ಕಾಗದದಂತೆ. ಅದು ಹೊರಡುತ್ತದೆ, ಮುಟ್ಟುವುದಿಲ್ಲ. 2020ರ ಆಗಸ್ಟಿನಲ್ಲಿ ಕರ್ನಾಟಕದ ಶಾಲಾಶಿಕ್ಷಕರು 'ವಿದ್ಯಾಗಮ' ಯೋಜನೆಯಲ್ಲಿ ಮಕ್ಕಳಿದ್ದೆಡೆಗೇ ನಡೆದು, ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಬರಲಾಗದವನ ಬಳಿಗೆ ತಾನೇ ಹೋಗಬೇಕೆಂಬ ಅದರ ತತ್ತ್ವ ವಿಶ್ವವಿದ್ಯಾನಿಲಯಗಳಿಗೂ ಮಾದರಿ.

ಪಿಡುಗಿನ ಕಾಲದಲ್ಲಿ ಬಾಗಿಲು ಮುಚ್ಚುವುದು ವಿವೇಕ. ಆದರೆ ಬೀಗ ಹಾಕುವ ಮುನ್ನ, ಯಾರಿಗೆ ಮನೆಯಿಲ್ಲ, ಯಾರ ಊಟ ನಿಂತಿತು, ಯಾರ ಕೈಗೆ ಪಾಠ ತಲುಪದು ಎಂದು ಕೇಳಿ ತಿಳಿಯುವುದು ಧರ್ಮ. ಮೊದಲನೆಯದನ್ನು ಎಲ್ಲ ವಿದ್ಯಾಲಯಗಳೂ ಮಾಡಿದವು. ಎರಡನೆಯದನ್ನು ಮಾಡಿದವು ಮಾತ್ರ ಆ ಹೆಸರಿಗೆ ತಕ್ಕವು.