ಹೆಸರಿಗೆ ನಕ್ಕರೆ ಅಪಚಾರವೇ?

ಪೂರ್ವಕಾಲದ ವೀರರ ಹೆಸರುಗಳನ್ನು ಚಿತ್ರಕಥೆಗಳಿಗೆಳೆದು ತಂದು ವಿನೋದ ಮಾಡುವದು ಇತಿಹಾಸಕ್ಕೆ ಬಗೆಯುವ ದ್ರೋಹವೆಂದು ಕೆಲವು ಗಂಭೀರವದನರು ಗುಡುಗುತ್ತಾರೆ. ನಗೆಯೆಂದರೆ ಲಘುತ್ವ, ಲಘುತ್ವವೆಂದರೆ ಅವಮಾನ. ಇದು ಇವರ ತರ್ಕ. ಈ ತರ್ಕವು ಎಷ್ಟು ಪೊಳ್ಳಾದುದೆಂಬದನ್ನು ಫ್ರಾನ್ಸ್ ದೇಶದ ಒಂದು ಉದಾಹರಣೆಯಿಂದ ಪರೀಕ್ಷಿಸಿ ನೋಡೋಣ.

೧೯೫೯ನೆಯ ಅಕ್ಟೋಬರದಲ್ಲಿ 'ಪಿಲೋತ್' ಎಂಬ ವಾರಪತ್ರಿಕೆಯಲ್ಲಿ, ರೆನೆ ಗೊಸಿನ್ನಿ ಬರೆದು ಆಲ್ಬೆರ್ ಉದೆರ್ಜೊ ಚಿತ್ರಿಸಿದ 'ಆಸ್ಟೆರಿಕ್ಸ್' ಪ್ರಾರಂಭವಾಯಿತು. ರೋಮನರಿಗೆ ಮಣಿಯದೆ ಉಳಿದ ಗಾಲರ ಒಂದೇ ಒಂದು ಹಳ್ಳಿಯ ಕಥೆಯದು. ನಾಯಕನ ಹೆಸರು ಹುಟ್ಟಿದುದು ಅಚ್ಚುಕೂಟದ ನಕ್ಷತ್ರಚಿಹ್ನೆಯಿಂದ. ಶ್ರುತಿಯಿಲ್ಲದ ಗಾಯಕನ ಹೆಸರು ಆಸ್ಸುರಾನ್ಸ್‌ತೂರಿಕ್ಸ್. ಫ್ರೆಂಚರ ಕಿವಿಗೆ ಅದು 'ಸಕಲ ಅಪಾಯಗಳ ವಿಮೆ' ಎಂದು ಕೇಳಿಸುತ್ತದೆ! ಓದುಗರು ನಾಲ್ವರು ಕಲೆತಲ್ಲಿ ತಮ್ಮ ಗೆಳೆಯರ ಹೆಸರುಗಳಿಗೂ ಈ 'ಇಕ್ಸ್' ಬಾಲವನ್ನು ಹಚ್ಚಿ ನಗುವದುಂಟು.

ನಗಲಿ! ಆದರೆ ಆ ಬಾಲವು ಎಲ್ಲಿಂದ ಬಂದಿತು? ಗಾಲರ ಭಾಷೆಯಲ್ಲಿ 'ರಿಕ್ಸ್' ಎಂದರೆ ಅರಸ. ಲ್ಯಾಟಿನದ 'ರೆಕ್ಸ್', ನಾವು ನಿತ್ಯವೂ ಆಡುವ ಸಂಸ್ಕೃತದ 'ರಾಜ' ಶಬ್ದ, ಇವೆರಡಕ್ಕೂ ಅದು ಒಡಹುಟ್ಟು. ವೆರ್ಸಿಂಗೆಟೊರಿಕ್ಸ್ ಎಂದರೆ ಯೋಧರ ಮಹಾರಾಜ. ಡುಮ್ನೊರಿಕ್ಸ್ ಎಂದರೆ ಲೋಕದ ಒಡೆಯ. ಆ ಭಾಷೆಯು ಅಳಿದು ಶತಮಾನಗಳೇ ಸಂದುಹೋದವು. ಅದನ್ನಾಡಿದ ವೀರರ ಹೆಸರುಗಳು ಕೆಲವು ನಾಣ್ಯ ಶಾಸನಗಳನ್ನುಳಿದರೆ ಬಹುಮಟ್ಟಿಗೆ ಬದುಕಿದುದು ಅವರನ್ನು ಗೆದ್ದ ಸೀಜರನ ಗ್ರಂಥದಲ್ಲಿ! ಸೋತವನ ಹೆಸರು ಗೆದ್ದವನ ಲೇಖನಿಯ ಕೃಪೆಯಿಂದ ಉಳಿಯಬೇಕಾದ ಈ ದೈನ್ಯಕ್ಕಿಂತ ಮಿಗಿಲಾದ ಅವಮಾನವುಂಟೆ?

ಗಂಭೀರರು ಆ ಹೆಸರಿಗೆ ಸಲ್ಲಿಸಿದ ಗೌರವವಾದರೂ ಎಂಥದು? ೧೮೬೫ರಲ್ಲಿ ಸಾಮ್ರಾಟ ಮೂರನೆಯ ನೆಪೋಲಿಯನ್ನನು ಅಲೇಸಿಯಾದ ಗುಡ್ಡದ ಮೇಲೆ ವೆರ್ಸಿಂಗೆಟೊರಿಕ್ಸನ ಭವ್ಯ ಪ್ರತಿಮೆಯನ್ನು ನಿಲ್ಲಿಸಿದನು. ಅದರ ಮುಖವು ಸಾಮ್ರಾಟನ ಮುಖವನ್ನೇ ಹೋಲುವದೆಂಬುದು ಜನಜನಿತವಾದ ಮಾತು. ವೀರನ ಹೆಸರು, ದೊರೆಯ ಮೋರೆ! ಐದು ವರುಷಗಳಲ್ಲಿಯೇ, ೧೮೭೦ರಲ್ಲಿ, ಆ ದೊರೆಯು ಸೆದಾನಿನಲ್ಲಿ ಪ್ರಶಿಯನರಿಗೆ ತಾನೇ ಶರಣಾದನು.

ಇನ್ನು ಚಿತ್ರಕಥೆಯವರು ಮಾಡಿದ 'ಅಪಚಾರ'ವನ್ನು ನೋಡಿರಿ. ಕ್ರಿ. ಪೂ. ೫೨ರಲ್ಲಿ ಸೋತ ವೆರ್ಸಿಂಗೆಟೊರಿಕ್ಸನು ತನ್ನ ಆಯುಧಗಳನ್ನು ಸೀಜರನ ಪಾದಗಳೆದುರಿಗೆ ಇಟ್ಟನೆಂಬ ಚಿತ್ರವು ಶಾಲೆಯ ಹುಡುಗರಿಗೂ ಪರಿಚಿತ. ಇವರ ಮೊದಲನೆಯ ಪುಸ್ತಕದ ಪ್ರಾರಂಭದಲ್ಲಿಯೇ ಆತನು ಅವನ್ನು ಸೀಜರನ ಪಾದಗಳ ಮೇಲೆಯೇ ಒಗೆಯುತ್ತಾನೆ. ದಿಗ್ವಿಜಯಿಯು ನೋವಿನಿಂದ ಚೀರುತ್ತಾನೆ! ೧೯೬೮ರ ಪುಸ್ತಕದಲ್ಲಿ, ಅಲೇಸಿಯಾ ಎಲ್ಲಿದೆಯೆಂದು ಕೇಳಿದರೆ ಗಾಲರು ಸಿಡಿಮಿಡಿಗೊಂಡು ತಮಗೆ ತಿಳಿಯದೆನ್ನುತ್ತಾರೆ. ಸೋಲನ್ನು ಮರೆಮಾಚಿ ಅಭಿಮಾನವನ್ನು ಮೆರೆಯಿಸುವ ಜನರಿಗೆ ಇದಕ್ಕಿಂತ ಹದವಾದ ಚಾಟಿಯೇಟು ಬೇಕೆ? ಪ್ರತಿಮೆಯು ವೀರನನ್ನು ದೊರೆಯ ಸೇವೆಗೆ ದುಡಿಸಿತು. ವಿನೋದವು ಅವನನ್ನು ಜನರ ಕೈಗೆ ಮರಳಿ ಕೊಟ್ಟಿತು.

ಇದಕ್ಕೊಂದು ಕಟ್ಟಳೆಯೂ ಉಂಟು. ಅಲೇಸಿಯಾದ ಕಥೆಯನ್ನು ಕೇಳದವನು ಆ ಸಿಡಿಮಿಡಿಗೆ ನಗಲಾರನು. ವೆರ್ಸಿಂಗೆಟೊರಿಕ್ಸನನ್ನು ಅರಿಯದವನಿಗೆ ಆಸ್ಟೆರಿಕ್ಸನ ಹೆಸರಿನ ಅರ್ಧ ಸ್ವಾರಸ್ಯವೇ ಇಲ್ಲ. ಎಂದರೆ ಈ ನಗೆಯ ಬೇರು ತಿಳುವಳಿಕೆಯಲ್ಲಿದೆ. ಹೆಸರಿನ ಕುಚೋದ್ಯದಿಂದ ಎಳೆಯನೊಬ್ಬನು 'ಈ ರಿಕ್ಸ್ ಎಂದರೇನು?' ಎಂದು ಕೇಳಿದ ದಿನ, ಸತ್ತ ಭಾಷೆಯ ಒಂದು ಶಬ್ದವು ಮತ್ತೆ ಉಸಿರಾಡುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳುವ ಬದಲು ಹುಬ್ಬು ಗಂಟಿಕ್ಕಿ ಬಾಯಿ ಮುಚ್ಚಿಸುವವನೇ ಇತಿಹಾಸದ ನಿಜವಾದ ವೈರಿ.

ವಾಚಕ ಮಹಾಶಯರೇ, ಹೆಸರುಗಳು ಸಾಯುವದು ನಗೆಯಿಂದಲ್ಲ, ಮರೆವಿನಿಂದ. ನಗುವವನನ್ನು ತಡೆಯಬೇಡಿರಿ, ಅವನ ಇನ್ನೊಂದು ಕೈಯಲ್ಲಿ ಇತಿಹಾಸದ ಹೊತ್ತಗೆಯನ್ನಿಡಿರಿ.